ನನ್ನನ್ನು ಎಬ್ಬಿಸಿ ನಿಲ್ಲಿಸಿದ ಸಿಸ್ಟರುಗಳಿಗೆ, ಬ್ರದರುಗಳಿಗೆ

ದಸರಾ ರಜೆ ಮುಗಿದ ಮೇಲೆ ಮತ್ತೆ ಶಾಲೆಗೆ ಹೋಗುತ್ತಿದ್ದೇನೆ. ಕೈಯಲ್ಲಿ ಕೋಲಿದೆ. ಮೆಟ್ಟಿಲು ಹತ್ತುವಾಗ ಯಾರಾದರೂ ಭುಜ ಕೊಡಬೇಕು. ಆದರೂ ಎಂಟನೇ ತರಗತಿಯ ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಿದ್ದೇನೆ. ಊರಲ್ಲಿ ಎದುರಾದವರು "ಬನಶಂಕರಿ ತಾಯಿ ಉಳಿಸಿದಳು ಮಾಸ್ತರ್ರ" ಅನ್ನುತ್ತಾರೆ. "ಡಾಕ್ಟರ್ ಅಂದ್ರ ದೇವರಿದ್ದಂಗ" ಅನ್ನುತ್ತಾರೆ. ಎರಡೂ ಮಾತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ನನ್ನನ್ನು ಉಳಿಸಿದವರಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಮಾತು ಯಾರ ಬಾಯಲ್ಲೂ ಬರುತ್ತಿಲ್ಲ. ಬಾಗಲಕೋಟೆ ನವನಗರದ ಒಂದು ಆಸ್ಪತ್ರೆಯ ಐಸಿಯುನಲ್ಲಿ, ಆಮೇಲೆ ಅಲ್ಲಿನ ವಾರ್ಡಿನಲ್ಲಿ ನನ್ನನ್ನು ನೋಡಿಕೊಂಡ ನರ್ಸುಗಳು ಅವರು. ಈ ಬರಹ ಅವರಿಗೆ. ಆಸ್ಪತ್ರೆಯ ಹೆಸರನ್ನೂ ಅವರ ಹೆಸರನ್ನೂ ಬರೆಯುತ್ತಿಲ್ಲ. ಯಾಕೆ ಅಂತ ಓದುತ್ತ ಹೋದರೆ ತಿಳಿಯುತ್ತದೆ.

ನನಗೆ ಬಂದದ್ದು ಗಿಲ್ಲೆನ್ ಬಾರೆ ಸಿಂಡ್ರೋಮ್. ಜಿಬಿಎಸ್ ಅನ್ನುತ್ತಾರೆ. 2025ರ ಜನವರಿಯಲ್ಲಿ ಪುಣೆಯಲ್ಲಿ ತುಂಬಾ ಜನರಿಗೆ ಬಂದಾಗ ಪೇಪರಿನಲ್ಲಿ ಓದಿರುತ್ತೀರಿ. ಜಾತ್ರೆ ಮುಗಿಸಿ ಬಂದ ಮೇಲೆ ನನಗೆ ಹೊಟ್ಟೆ ಕೆಟ್ಟಿತ್ತು. ಅದು ತಾನಾಗಿ ಕಡಿಮೆಯಾಯಿತು. ಆಮೇಲೆ ಕೆಲವು ದಿನಕ್ಕೆ ಪಾದ ಜೋಮು ಹಿಡಿದ ಹಾಗಾಯಿತು. ಜೋಮು ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು, ಕೈಗೆ ಬಂತು. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನರಗಳ ಮೇಲೆ ಬೀಳುತ್ತದೆ. ಕರೆಂಟಿನ ವೈರಿಗೆ ಹೊದಿಕೆ ಇರುತ್ತದಲ್ಲ, ಹಾಗೆ ನರಕ್ಕೂ ಒಂದು ಹೊದಿಕೆ ಇದೆ. ಅದು ಹಾಳಾಗುತ್ತದೆ. ಕೆಲವರಿಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನನಗೆ ಹಾಗೇ ಆಯಿತು. ವೆಂಟಿಲೇಟರ್ ಹಾಕಿದರು. ಮುಂದೆ ಗಂಟಲಲ್ಲಿ ತೂತು ಮಾಡಿ ನಳಿಗೆ ಇಟ್ಟರು.

ಈ ಕಾಯಿಲೆಯ ಒಂದು ವಿಚಾರ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾಯಿಲೆ ಜೋರಾದಾಗ ಕೈಕಾಲು ಆಡುವುದಿಲ್ಲ, ಮಾತು ಬರುವುದಿಲ್ಲ, ರೆಪ್ಪೆ ಕೂಡ ಮುಚ್ಚುವುದಿಲ್ಲ. ಆದರೆ ಪ್ರಜ್ಞೆ ಪೂರ್ತಿ ಇರುತ್ತದೆ. ಕಿವಿ ಚೆನ್ನಾಗಿ ಕೇಳುತ್ತದೆ. ಬಂದವರೆಲ್ಲ ನನ್ನನ್ನು ಎಚ್ಚರವಿಲ್ಲದವನು ಅಂದುಕೊಂಡು ಮಾತಾಡುತ್ತಿದ್ದರು. ವಾರಗಟ್ಟಲೆ ಹಾಗೆ ಮಲಗಿ, ಒಂದು ಐಸಿಯು ಹಗಲು ರಾತ್ರಿ ಹೇಗೆ ನಡೆಯುತ್ತದೆ ಅಂತ ನಾನು ಕೇಳಿದ್ದೇನೆ, ಕಂಡಿದ್ದೇನೆ. ನರ್ಸುಗಳ ಬಗ್ಗೆ ನಾನು ಹೇಳುವುದೆಲ್ಲ ಆ ಹಾಸಿಗೆಯ ಮೇಲಿಂದ ಕಂಡದ್ದು.

ನನಗೆ ಐವಿಐಜಿ ಅನ್ನುವ ದುಬಾರಿ ಔಷಧಿ ಕೊಟ್ಟರು. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.4 ಗ್ರಾಂ, ಹೀಗೆ 5 ದಿನ. ಅದಕ್ಕೆ ದುಡ್ಡು ಹೊಂದಿಸಿದ ನನ್ನ ಶಾಲೆಯ ಸಹೋದ್ಯೋಗಿಗಳಿಗೆ, ಹೊಲದ ಮೇಲೆ ಸಾಲ ತೆಗೆದ ನನ್ನ ಮಾವನವರಿಗೆ ನಾನು ಸಾಯುವ ತನಕ ಋಣಿ. ಆದರೆ ಬಾಟಲಿ ತಂದು ಕೊಟ್ಟರೆ ಮುಗಿಯುವುದಿಲ್ಲ. ಅದನ್ನು ಮೊದಲು ತೀರಾ ನಿಧಾನವಾಗಿ ಬಿಡಬೇಕು, ಆಮೇಲೆ ಸ್ವಲ್ಪ ಸ್ವಲ್ಪ ವೇಗ ಹೆಚ್ಚಿಸಬೇಕು. ಬಿಪಿ ನೋಡಬೇಕು, ಜ್ವರ ನೋಡಬೇಕು, ಮೈ ನಡುಗುತ್ತಿದೆಯಾ ನೋಡಬೇಕು. ಇದನ್ನೆಲ್ಲ ಪಕ್ಕದಲ್ಲಿ ನಿಂತು ಮಾಡಿದವರು ನರ್ಸುಗಳು.

ಔಷಧಿ ಮುಗಿದ ಮೇಲೆ ನರ ತಾನಾಗಿ ಚೇತರಿಸಿಕೊಳ್ಳುವ ತನಕ ಕಾಯುವುದೇ ಕೆಲಸ. ಆ ಹೊತ್ತಿನಲ್ಲಿ ಮೈಯನ್ನು ಹಾಳಾಗದ ಹಾಗೆ ಕಾಪಾಡಬೇಕು. ಅದು ಪೂರ್ತಿ ನರ್ಸಿಂಗ್. ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು. "ಈಗ ಎಡಕ್ಕ ಹೊಳ್ಳಸ್ತೀವ್ರಿ ಸರ್ರ" ಅಂತ ಹೇಳಿಯೇ ಹೊರಳಿಸುತ್ತಿದ್ದರು, ನಾನು ಉತ್ತರ ಕೊಡಲಾರೆ ಅಂತ ಗೊತ್ತಿದ್ದೂ. ಬೆನ್ನು, ಹಿಮ್ಮಡಿ, ಮೊಣಕೈ ದಿನಾ ನೋಡುತ್ತಿದ್ದರು. ಅಷ್ಟು ದಿನ ಮಲಗಿದ್ದರೂ ನನ್ನ ಮೈಮೇಲೆ ಒಂದೂ ಹಾಸಿಗೆ ಹುಣ್ಣು ಆಗಲಿಲ್ಲ. ಕಣ್ಣು ಮುಚ್ಚದಿದ್ದರೆ ಪಾಪೆ ಒಣಗಿ ಹುಣ್ಣಾಗುತ್ತದೆ. ಹೊತ್ತಿಗೆ ಸರಿಯಾಗಿ ಹನಿ ಹಾಕಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪ್ ಅಂಟಿಸುತ್ತಿದ್ದರು. ಇವತ್ತು ನಾನು ಮಕ್ಕಳ ನೋಟ್ಸ್ ತಿದ್ದುತ್ತಿದ್ದೇನೆ ಅಂದರೆ ಅದು ಆ ಹನಿಗಳಿಂದ.

ಗಂಟಲಿನ ನಳಿಗೆಯಿಂದ ಕಫ ಎಳೆಯುವುದು ತುಂಬಾ ಕಷ್ಟದ ಕೆಲಸ. ರೋಗಿಗೂ ಹಿಂಸೆ, ಮಾಡುವವರಿಗೂ ಹಿಂಸೆ. ಒಂದು ರಾತ್ರಿ ಹಾಗೆ ಸಕ್ಷನ್ ಮಾಡುವಾಗ ನನ್ನ ಹೃದಯದ ಬಡಿತ ಒಮ್ಮೆಲೇ ಇಳಿಯಿತು. ಜಿಬಿಎಸ್‌ನಲ್ಲಿ ಹೀಗಾಗುತ್ತದಂತೆ. ಮಾನಿಟರ್ ಕೂಗುವ ಮೊದಲೇ ಸಿಸ್ಟರ್ ನಳಿಗೆ ಹೊರಗೆಳೆದರು, ಆಕ್ಸಿಜನ್ ಹೆಚ್ಚಿಸಿದರು, ಬ್ರದರ್‌ಗೆ ಕೂಗಿದರು. ಡಾಕ್ಟರ್ ಓಡಿ ಬರುವಷ್ಟರಲ್ಲಿ ಇಂಜೆಕ್ಷನ್ ಸಿರಿಂಜಿನಲ್ಲಿ ತಯಾರಿತ್ತು. ಆ ಸಿಸ್ಟರ್ ಹಿಂದಿನ ರಾತ್ರಿಯೂ ಡ್ಯೂಟಿ ಮಾಡಿದ್ದರು. ಬೆಳಿಗ್ಗೆ ಬದಲಿಗೆ ಬರಬೇಕಾದವರು ಬರದೇ ಇದ್ದದ್ದಕ್ಕೆ ಮಧ್ಯಾಹ್ನದ ತನಕ ಅಲ್ಲೇ ಇದ್ದರು. ರಾತ್ರಿ ಮತ್ತೆ ಬಂದಿದ್ದರು.

ಇನ್ನೊಬ್ಬ ಸಿಸ್ಟರ್ ನನಗೆ ಮಾತು ವಾಪಸ್ ಕೊಟ್ಟರು. ಎಕ್ಸ್‌ರೇ ಕವರಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಅ ಆ ಇ ಈ ಬರೆದು ತಂದರು. "ಮಾಸ್ತರ್ರ, ನೀವು ಸಾಲಿ ಕಲಸವ್ರು. ಈಗ ನನಗ ಅಕ್ಷರ ಕಲಸ್ರಿ" ಅಂದರು. ಅವರು ಬೆರಳಿಡುತ್ತ ಹೋಗುವುದು, ಸರಿಯಾದ ಅಕ್ಷರ ಬಂದಾಗ ನಾನು ಕಣ್ಣು ಮೇಲಕ್ಕೆತ್ತುವುದು. ಕ, ಇ, ವ, ಇ. ಕಿವಿ. ಕಿವಿಯೊಳಗೆ ಎರಡು ದಿನದಿಂದ ತುರಿಕೆ ಇತ್ತು, ಹೇಳಲು ಆಗಿರಲಿಲ್ಲ. ಅವರು ಹತ್ತಿ ತಂದು ಮೆಲ್ಲಗೆ ಒರೆಸಿದರು. ಆಗ ಸಿಕ್ಕ ಸಮಾಧಾನವನ್ನು ಬರೆದು ತಿಳಿಸುವುದು ನನ್ನಿಂದ ಆಗದು. ಈ ಕೆಲಸವನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಕೇಸ್ ಶೀಟಿನಲ್ಲಿ ಇದನ್ನು ಬರೆಯಲು ಒಂದು ಕಾಲಂ ಕೂಡ ಇಲ್ಲ.

ಇಂಥವರ ಜೊತೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನೂ ನಾನು ಕೇಳುತ್ತ ಮಲಗಿದ್ದೆ. "ಏ ಸಿಸ್ಟರ್, ಕಿವಿ ಕೇಳಂಗಿಲ್ಲೇನ?" "ನಿಮಗ ಪಗಾರ ಯಾತಕ್ಕ ಕೊಡ್ತಾರ, ಕುಂಡ್ರಾಕ?" ಬಿಲ್ ಜಾಸ್ತಿ ಆಯಿತು ಅಂತ ಬೈಸಿಕೊಂಡದ್ದು ಸಿಸ್ಟರ್. ಬಿಲ್ ಮಾಡುವ ಕೌಂಟರ್ ಕೆಳಗಿನ ಮಹಡಿಯಲ್ಲಿತ್ತು. ಎಸಿ ಕೆಟ್ಟರೆ ಸಿಸ್ಟರ್, ಚಪ್ಪಲಿ ಕಳೆದರೆ ಸಿಸ್ಟರ್, ಪಾಸ್ ಇಲ್ಲದೆ ಒಳಗೆ ಬಿಡದಿದ್ದರೆ ಸಿಸ್ಟರ್. ಊರಿನ ದೊಡ್ಡ ಮನುಷ್ಯರೊಬ್ಬರನ್ನು ನೋಡಲು ಬಂದವರು ಚಹಾ ತರಲು ಸಿಸ್ಟರ್‌ಗೆ ಹೇಳಿದರು. ಆಗ ಅವರ ಕೈಯಲ್ಲಿ ಇನ್ನೊಬ್ಬ ರೋಗಿಗೆ ಹಾಕಬೇಕಾದ ರಕ್ತದ ಚೀಲ ಇತ್ತು. ರಕ್ತ ಹಾಕಲು ಶುರು ಮಾಡಿದ ಮೊದಲ 15 ನಿಮಿಷ ಕಣ್ಣು ತೆಗೆಯದೆ ನೋಡಬೇಕು. ಅದನ್ನು ಬಿಟ್ಟು ಚಹಾಕ್ಕೆ ಹೋಗಲು ಆಗುತ್ತದಾ?

ಒಮ್ಮೆ ಒಬ್ಬ ರೋಗಿ ತೀರಿಕೊಂಡಾಗ ಹತ್ತಾರು ಜನ ನುಗ್ಗಿ ಬಂದರು. ಮೊಬೈಲ್ ಎತ್ತಿ ಸಿಸ್ಟರ್ ಮುಖಕ್ಕೆ ಹಿಡಿದು ವಿಡಿಯೋ ಮಾಡಿದರು. ಡಾಕ್ಟರ್, ನರ್ಸ್ ಮೇಲೆ ಕೈ ಮಾಡಿದರೆ ಜೈಲು, ದಂಡ ಅಂತ ಕರ್ನಾಟಕದಲ್ಲಿ 2009ರಿಂದಲೇ ಕಾನೂನಿದೆ. ಆ ಬೋರ್ಡು ಐಸಿಯು ಬಾಗಿಲ ಹೊರಗೇ ಇತ್ತು ಅಂತ ನನ್ನ ಹೆಂಡತಿ ಹೇಳಿದಳು. ಸತ್ತವರ ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ರೋಗಿಯ ಎದೆ ಒತ್ತಿ ಒತ್ತಿ ಸುಸ್ತಾಗಿ ನಿಂತವರೂ ಅದೇ ಸಿಸ್ಟರ್ ಆಗಿದ್ದರು.

ಹೊರಗಿನವರನ್ನಷ್ಟೇ ದೂರಿದರೆ ಅರ್ಧ ಸತ್ಯ ಹೇಳಿದ ಹಾಗೆ. ಒಂದು ಬೆಳಿಗ್ಗೆ ರೌಂಡ್ಸ್ ಹೊತ್ತಿನಲ್ಲಿ ರಿಪೋರ್ಟ್ ಬಂದಿರಲಿಲ್ಲ. ಸ್ಯಾಂಪಲ್ ಹೊತ್ತಿಗೆ ಸರಿಯಾಗಿ ಹೋಗಿತ್ತು, ಲ್ಯಾಬಿನಲ್ಲಿ ತಡವಾಗಿತ್ತು. ಸಿಸ್ಟರ್ ರಾತ್ರಿ ಮೂರು ಸಲ ಫೋನ್ ಮಾಡಿದ್ದನ್ನು ನಾನೇ ಕೇಳಿದ್ದೆ. ಆದರೂ ಎಲ್ಲರ ಎದುರು ಅವರಿಗೇ ಬೈಗುಳ. ಕಲಿಯಲು ಬಂದ ಹುಡುಗ ಹುಡುಗಿಯರ ಎದುರು. ಲ್ಯಾಬಿನದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಬೈದವರು ಮರುದಿನ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಬಂದು ಹೋದರು. ನನಗೆ ಬಾಯಿ ಇದ್ದಿದ್ದರೆ ಅವತ್ತೇ ಹೇಳುತ್ತಿದ್ದೆ. ಈಗ ಬಾಯಿ ಬಂದಿದೆ, ಹೇಳುತ್ತಿದ್ದೇನೆ. ನನ್ನ ಜೀವ ಉಳಿಸಿದ ಡಾಕ್ಟರುಗಳ ಮೇಲೆ ನನಗೆ ಅಪಾರ ಗೌರವ ಇದೆ. ಅವರಲ್ಲಿ ಕೆಲವರು ಸಿಸ್ಟರ್‌ಗಳನ್ನು ಹೆಸರು ಹಿಡಿದು ಪ್ರೀತಿಯಿಂದ ಮಾತಾಡಿಸುತ್ತಿದ್ದರು, "ನಿಮಗೇನನಿಸುತ್ತದೆ" ಅಂತ ಕೇಳುತ್ತಿದ್ದರು. ಹಾಗೆ ಕೇಳುವವರು ಬಂದಾಗ ಇಡೀ ಐಸಿಯು ಹಗುರಾಗುತ್ತಿತ್ತು.

ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ವಾರ್ಡಿನಲ್ಲಾದರೆ ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು. ಇದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ನಾನು ಕಂಡದ್ದು ಮೂರು ವೆಂಟಿಲೇಟರಿಗೆ ಒಬ್ಬರು. ವಾರ್ಡಿಗೆ ಬಂದ ಮೇಲೆ ರಾತ್ರಿ ಮೂವತ್ತು ಹಾಸಿಗೆಗೆ ಇಬ್ಬರು. ಹಾಗಿದ್ದೂ ಮೇಲಿನಿಂದ ಬರುತ್ತಿದ್ದ ಪ್ರಶ್ನೆ, ರೋಗಿಗಳ ಜೊತೆ ನಗುನಗುತ್ತ ಯಾಕೆ ಮಾತಾಡುವುದಿಲ್ಲ ಅಂತ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ಕೂರದೆ ಓಡಾಡಿದವರನ್ನು ಕರೆದು ಈ ಮಾತು ಕೇಳುವುದು ಅನ್ಯಾಯ. ನಗು ಬೇಕಿದ್ದರೆ ಇನ್ನೂ ನಾಲ್ಕು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಿ.

ನಡುರಾತ್ರಿ ಒಬ್ಬ ಸಿಸ್ಟರ್ ಅಮ್ಮನ ಜೊತೆ ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಿದ್ದರು. "ಪಗಾರ ಇನ್ನೂ ಬಂದಿಲ್ಲವ್ವಾ. ಬಂದ ಕೂಡ್ಲೆ ಕಂತು ಹಾಕ್ತೀನಿ. ಬಿಡಂದ್ರ ಹ್ಯಾಂಗ ಬಿಡ್ಲಿ, ಮಾರ್ಕ್ಸ್ ಕಾರ್ಡು ಆಫೀಸಿನಾಗ ಅದಾವು." ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಲು ಮಾಡಿದ ಸಾಲದ ಕಂತು ಅದು. ಓದಿ ಗಳಿಸಿದ ಮಾರ್ಕ್ಸ್ ಕಾರ್ಡನ್ನೇ ಆಫೀಸಿನಲ್ಲಿ ಒತ್ತೆ ಇಟ್ಟುಕೊಂಡು ಕೆಲಸ ಮಾಡಿಸುವುದನ್ನು ಕೇಳಿ ಮೇಷ್ಟ್ರಾಗಿ ನನಗೆ ಬಹಳ ನೋವಾಯಿತು. ಮನೆಗೆ ಬಂದ ಮೇಲೆ ಹುಡುಕಿ ಓದಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತ್ತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಆಗಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಇದನ್ನು ಜಾರಿ ಮಾಡಬೇಕಾದವರು ರಾಜ್ಯ ಸರ್ಕಾರದವರು. ನಮ್ಮ ಜಿಲ್ಲೆಯ ಶಾಸಕರು, ಅಧಿಕಾರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಕಡತ ತೆಗೆದು ನೋಡಿ.

ನಮ್ಮ ಶಾಲೆಯ ಒಬ್ಬ ಹುಡುಗಿ ನರ್ಸ್ ಆಗಬೇಕು ಅನ್ನುತ್ತಾಳೆ. ಅವಳ ಅಪ್ಪ ಗುಳೇದಗುಡ್ಡದಲ್ಲಿ ಖಣ ನೇಯುವವರು. ಮೊನ್ನೆ ಬಂದು "ಕಳಸಲೇನ್ರಿ ಸರ್ರ, ಮಂದಿ ಒಂಥರಾ ಮಾತಾಡ್ತಾರ" ಅಂತ ಕೇಳಿದರು. ಕಳಿಸಿ ಅಂದೆ. ಗಟ್ಟಿಯಾಗಿ ಅಂದೆ. ಆಡುವ ಮಂದಿಯ ಎದುರು ನಿಂತು ಮಾತಾಡಲು ನಾನಿದ್ದೇನೆ ಅಂತಲೂ ಹೇಳಿದೆ.

ಈಗ ನಿಮಗೆ, ನೇರವಾಗಿ. ಬೆನ್ನು ಒರೆಸುತ್ತ ಬಾದಾಮಿ, ಐಹೊಳೆ ಅಂತ ಏನೇನೋ ಮಾತಾಡಿ ನನ್ನ ಧೈರ್ಯ ಕುಂದದಂತೆ ನೋಡಿಕೊಂಡ ಬ್ರದರ್‌ಗೆ. ಮೂಗಿನ ನಳಿಗೆಯಲ್ಲಿ ಗಂಜಿ ಹಾಕುವಾಗಲೂ "ಊಟ ಮಾಡೋಣ್ರಿ" ಅನ್ನುತ್ತಿದ್ದ ಸಿಸ್ಟರ್‌ಗೆ. ಅಕ್ಷರದ ಹಲಗೆ ಮಾಡಿದ ಸಿಸ್ಟರ್‌ಗೆ, ಆ ರಾತ್ರಿ ಮಾನಿಟರಿಗಿಂತ ಮೊದಲೇ ಕಂಡುಕೊಂಡ ಸಿಸ್ಟರ್‌ಗೆ. ಎಲ್ಲರ ಪಾಲಿನ ಬೈಗುಳ ತಾನು ತಿಂದು ತನ್ನ ಹುಡುಗಿಯರನ್ನು ಕಾಪಾಡುತ್ತಿದ್ದ ಇನ್‌ಚಾರ್ಜ್ ಸಿಸ್ಟರ್‌ಗೆ. ನಿಮ್ಮ ಋಣ ನನ್ನ ಮೈಯ ಪ್ರತಿ ಅಂಗದಲ್ಲೂ ಇದೆ. ಥ್ಯಾಂಕ್ಸ್ ಅನ್ನುವ ಮಾತು ಸಾಲದು. ಆದರೂ ಹೇಳುತ್ತೇನೆ, ಸಾವಿರ ಸಲ ಹೇಳುತ್ತೇನೆ.

ಇಲ್ಲಿ ಹೆಸರು ಹಾಕಿದರೆ ನಾಳೆ ನಿಮಗೆ ಮೆಮೊ ಬರಬಹುದು. ಅದಕ್ಕೇ ಹಾಕಿಲ್ಲ. ನೀವು ಮಾಡಿದ ಕೆಲಸವನ್ನು ಒಂದೊಂದಾಗಿ, ನಿಮ್ಮ ಹೆಸರಿನ ಸಮೇತ ಬರೆದು, ಸಹಿ ಮಾಡಿ ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಹೊಗಳಿಕೆ ಬಿಟ್ಟು ಬೇರೇನೂ ಇಲ್ಲ. ನಿಮ್ಮ ಫೈಲಿಗೆ ಸೇರಿಸುತ್ತೇವೆ ಅಂದಿದ್ದಾರೆ. ಸೇರಿಸಿದ್ದಾರಾ ಅಂತ ಮುಂದಿನ ಸಲ ಚೆಕಪ್‌ಗೆ ಬಂದಾಗ ಕೇಳುತ್ತೇನೆ. ನಾನು ಅಲ್ಲಿದ್ದ ದಿನಗಳ ಯಾವುದೇ ವಿಚಾರಕ್ಕೆ ನಿಮ್ಮ ಮೇಲೆ ಯಾರಾದರೂ ಸುಮ್ನೆ ತಪ್ಪು ಹೊರಿಸಿದರೆ ನನಗೆ ಫೋನ್ ಮಾಡಿ. ನಂಬರ್ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಇದೆ. ಕೋಲು ಊರಿಕೊಂಡಾದರೂ ಬರುತ್ತೇನೆ, ಯಾರ ಎದುರು ಬೇಕಾದರೂ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.