ಹಳೆ ಕಂಪ್ಯೂಟರ್ ಹಳ್ಳಿ ಶಾಲೆಗೆ ಸಿಗಲಿ

ಮಾನ್ಯರೇ,

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪನಿಗಳು ಬಳಕೆ ನಿಲ್ಲಿಸಿದ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಬದಲು ಸರ್ಕಾರಿ ಪ್ರೌಢಶಾಲೆಗಳಿಗೆ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ (ಗ್ರಂಥಾಲಯಗಳಿಗೆ) ಕೊಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ (ಉಚಿತ ಭದ್ರತಾ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಹಾಗಂತ ಅವು ಕೆಟ್ಟಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತವೆ. ಕನ್ನಡ ಟೈಪಿಂಗ್‌ಗೂ ತೊಂದರೆಯಿಲ್ಲ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಲ್ಲ ಎನ್ನುವವರುಂಟು. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್, ಅದೂ ಅಪ್ಪನ ಜೇಬಿನಲ್ಲಿ. ಸಿಇಟಿ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಈಗ ಆನ್‌ಲೈನ್. ಎಚ್.ಡಿ. ಕೋಟೆಯ ಕಾಡಂಚಿನ ಮಕ್ಕಳು ಅದಕ್ಕಾಗಿ ಸೈಬರ್ ಸೆಂಟರ್ ಹುಡುಕಿಕೊಂಡು ಪೇಟೆಗೆ ಬರಬೇಕು. ಕೀಬೋರ್ಡನ್ನೇ ಮುಟ್ಟದ ಹುಡುಗಿ ಕಾಲೇಜಿಗೆ ಸೇರಿದ ಮೇಲೆ ನಗರದ ಮಕ್ಕಳಿಗೆ ಸಮನಾಗಿ ಕಲಿಯುವುದು ಎಷ್ಟು ಕಷ್ಟ ಅಲ್ವಾ?

ಮಾಹಿತಿ ಸೋರಿಕೆಯ ಭಯ ಕಂಪನಿಗಳಿಗೆ ಇರುವುದು ಸಹಜ. ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸಿಯೋ, ತೆಗೆದಿಟ್ಟುಕೊಂಡೋ ಕೊಡಲಿ. ಆದರೆ ಕೆಟ್ಟುಹೋದದ್ದನ್ನು ಮಾತ್ರ ಶಾಲೆಗೆ ಸಾಗಹಾಕಬಾರದು. ಅದು ಇ-ತ್ಯಾಜ್ಯ, 2022ರ ನಿಯಮಗಳ ಪ್ರಕಾರ ನೋಂದಾಯಿತ ಘಟಕಕ್ಕೇ ಹೋಗಬೇಕು.

ಜಿಲ್ಲಾ ಪಂಚಾಯಿತಿಯವರು ಕೈಗಾರಿಕೆಗಳ ಪ್ರತಿನಿಧಿಗಳ ಜೊತೆ ಕೂತು ಮೈಸೂರಿನಲ್ಲಿ ಒಂದು ಸಂಗ್ರಹ ಕೇಂದ್ರ ತೆರೆಯಲಿ. ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳಿಂದ ಪರೀಕ್ಷೆ, ರಿಪೇರಿ ಮಾಡಿಸಲಿ. ಶಾಲೆಗೆ ತಲುಪಿದ ಮೇಲೆ ಕೆಟ್ಟರೆ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಮೊದಲೇ ನಿಗದಿ ಮಾಡಲಿ.

– ಒಬ್ಬ ಪೋಷಕ, ಕುವೆಂಪುನಗರ, ಮೈಸೂರು