ಶಾಲೆಯ ಗೋಡೆಗೆ ಒಂದೇ ಧರ್ಮದ ಫಲಕವೇ?

ಮಾನ್ಯ ಸಂಪಾದಕರೇ,

ಸರ್ಕಾರವು ಯಾವ ಧರ್ಮವನ್ನೂ ಅಧಿಕೃತವಾಗಿ ಸ್ಥಾಪಿಸುವಂತಿಲ್ಲ, ಯಾರ ಧರ್ಮಾಚರಣೆಗೂ ಅಡ್ಡಿಪಡಿಸುವಂತಿಲ್ಲ ಎಂದು 1791ರಲ್ಲಿಯೇ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಬರೆದುಕೊಂಡ ಅಮೆರಿಕದಲ್ಲಿ, ಇಂದು ಅಧಿಕಾರದಲ್ಲಿರುವವರೇ ಆ ಗೆರೆಯನ್ನು ಅಳಿಸುತ್ತಿರುವುದು ತೀವ್ರ ಕಳವಳದ ಸಂಗತಿ. 2017ರಲ್ಲಿ ಟ್ರಂಪ್ ಆಡಳಿತವು ಮುಸ್ಲಿಮರು ಬಹುಸಂಖ್ಯಾತರಾಗಿರುವ ಏಳು ದೇಶಗಳ ಪ್ರಜೆಗಳ ಪ್ರವೇಶವನ್ನು ತಡೆಯಿತು. ಅದರ ಪರಿಷ್ಕೃತ ರೂಪವನ್ನು ಮರುವರ್ಷ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಎತ್ತಿಹಿಡಿಯಿತು. 2024ರಲ್ಲಿ ಲೂಸಿಯಾನ ರಾಜ್ಯವು ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲ್ಲಿನ ದಶಾಜ್ಞೆಗಳ ಫಲಕವಿರಬೇಕೆಂದು ಕಾನೂನು ಮಾಡಿತು. ಅದೇ ತರಗತಿಯಲ್ಲಿ ಕೂರುವ ಹಿಂದೂ, ಸಿಖ್, ಮುಸ್ಲಿಂ ಮಕ್ಕಳಿಗೆ ಈ ಗೋಡೆ ಏನು ಹೇಳುತ್ತದೆ?

ನಮ್ಮ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿರುವ 1368ರ ಶಾಸನವನ್ನು ಇಲ್ಲಿ ನೆನೆಯಬೇಕು. ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಸಂಖ್ಯಾಬಲವುಳ್ಳವರ ಪಕ್ಷ ವಹಿಸದೆ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತು, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ವಹಿಸಿದನು. ಆಳುವವರ ಕರ್ತವ್ಯ ಅದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇದು ಕ್ರೈಸ್ತ ಧರ್ಮದ ವಿರುದ್ಧದ ಮಾತಲ್ಲ. ಲೂಸಿಯಾನದ ಕಾನೂನನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದ ಪೋಷಕರಲ್ಲಿ ಕ್ರೈಸ್ತ ಪಾದ್ರಿಗಳೂ ಇದ್ದಾರೆ.

– ಓದುಗ, ಹಾಸನ