ರಿಂಗ್ ರೋಡ್ ಹಿಡಿದು ಹೋಗುವ ಸಿಟಿ ಬಸ್ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿಯ ಹೊರವಲಯದಲ್ಲಿ ಇದ್ದುಕೊಂಡು, ಊರಿನ ಇನ್ನೊಂದು ಹೊರವಲಯಕ್ಕೆ ಕೆಲಸಕ್ಕೆ ಹೋಗುವವರ ಪರವಾಗಿ ಈ ಪತ್ರ. ನನ್ನ ಮನೆ ಆಳಂದ ರಸ್ತೆಯ ಕಡೆ, ಚೆಕ್‌ಪೋಸ್ಟ್ ದಾಟಿದ ಮೇಲೆ ಬರುವ ಒಂದು ಹೊಸ ಬಡಾವಣೆಯಲ್ಲಿದೆ. ಕೆಲಸ ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲೊಂದರಲ್ಲಿ. ಅಲ್ಲಿ ಲೆಕ್ಕ ಬರೆಯುತ್ತೇನೆ. ಸ್ಕೂಟಿ ಇದ್ದವರು ರಿಂಗ್ ರೋಡ್ ಹಿಡಿದು ನೇರವಾಗಿ ಮಿಲ್ಲಿಗೆ ಬರುತ್ತಾರೆ. ನಾನು ಮಾತ್ರ ಮೊದಲು ಊರೊಳಗೆ ಹೋಗಿ, ನಡುವೂರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಇಳಿದು, ಬೇರೆ ಬಸ್ ಹತ್ತಿ, ಮತ್ತೆ ಊರ ಹೊರಗೆ ಹೋಗಬೇಕು.

ಸೂಪರ್ ಮಾರ್ಕೆಟ್‌ಗೆ ಬಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಸಂತೆ, ಬಟ್ಟೆ, ಬಂಗಾರ, ಆಸ್ಪತ್ರೆ, ಕಚೇರಿ ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಿದ್ದ ಕಾಲದಲ್ಲಿ ಆ ವ್ಯವಸ್ಥೆ ಸರಿಯಾಗಿಯೇ ಇತ್ತು. ಈಗ ಊರು ಹಾಗಿಲ್ಲ. ಕೆಲಸದ ಜಾಗಗಳೆಲ್ಲ ಹೊರಗೆ ಹೋಗಿವೆ. ಮಿಲ್ಲುಗಳು ಕಪನೂರ, ನಂದೂರ ಕಡೆಗಿವೆ. 1980ರಲ್ಲಿ ಶುರುವಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಸೇಡಂ ರಸ್ತೆಯಲ್ಲಿದೆ. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆ ಅದೇ ರಸ್ತೆಯಲ್ಲಿದೆ, 2019ರಲ್ಲಿ ಶುರುವಾದ ವಿಮಾನ ನಿಲ್ದಾಣವೂ ಆ ಕಡೆಗೇ. ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಪ್ಲಾಟ್ ಅಗ್ಗ ಸಿಗುತ್ತದೆ ಅಂತ ನಮ್ಮಂಥವರು ಮನೆ ಕಟ್ಟಿಕೊಂಡದ್ದೂ ಊರ ಹೊರಗೇ. ಮನೆ ಹೊರಗೆ, ಕೆಲಸ ಹೊರಗೆ. ಬಸ್ಸು ಮಾತ್ರ ಎಲ್ಲರನ್ನೂ ನಡುವೂರಿಗೆ ಕರೆದೊಯ್ದು ಇಳಿಸುತ್ತದೆ.

ತೊಗರಿ ಸುಗ್ಗಿಯಲ್ಲಿ ಇದರ ಕಷ್ಟ ಜಾಸ್ತಿ. ಡಿಸೆಂಬರ್ ಕೊನೆಯಿಂದ ಹೊಸ ತೊಗರಿ ಬರಲು ಶುರುವಾಗುತ್ತದೆ. ಆಗ ಟ್ರ್ಯಾಕ್ಟರು, ಟೆಂಪೊ, ಲಾರಿ ಎಲ್ಲ ಕಾಳಿನ ಮಾರುಕಟ್ಟೆ ನೆಹರೂ ಗಂಜ್ ಕಡೆಗೇ ನುಗ್ಗುತ್ತವೆ. ಸೂಪರ್ ಮಾರ್ಕೆಟ್‌ನಿಂದ ಕಪನೂರಕ್ಕೆ ಹೋಗುವವರೂ ಅದೇ ಗಂಜ್, ಅದೇ ಹುಮನಾಬಾದ್ ಬೇಸ್ ಹಾಯ್ದು ಹೋಗಬೇಕು. ಬಸ್ಸು ಅಲ್ಲಿ ನಿಂತರೆ ನಿಂತೇ ಬಿಡುತ್ತದೆ. ನಮ್ಮ ಮಿಲ್ಲುಗಳಲ್ಲಿ ಕೆಲಸ ತಡವಾಗಿ ಮುಗಿಯುವುದೂ ಇದೇ ತಿಂಗಳುಗಳಲ್ಲಿ. ಮುಂಜಾನೆ ಹಾಜರಿ ತಪ್ಪಬಾರದು, ಸಂಜೆ ಲೋಡ್ ಹೋಗುವ ತನಕ ಬಿಲ್ ಮಾಡಬೇಕು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮಗೆಲ್ಲ ಅದು ಹೆಮ್ಮೆಯೇ. ಆ ಬೇಳೆಯನ್ನು ಕೈಯಿಂದ ಹಸನು ಮಾಡುವ ಹೆಣ್ಣುಮಕ್ಕಳು ರಾತ್ರಿ ಮನೆ ಸೇರುವುದು ಹೇಗೆ ಅಂತಲೂ ಯಾರಾದರೂ ಯೋಚಿಸಬೇಕಲ್ವಾ?

ಅವರು ಸೇರುವುದು ಟಂಟಂನಲ್ಲಿ, ಅಂದರೆ ಸೀಟಿಗೆ ಇಷ್ಟು ಅಂತ ಓಡುವ ಆಟೊದಲ್ಲಿ. ಮಿಲ್ಲಿನಿಂದ ರಿಂಗ್ ರೋಡ್ ತನಕ ನಡೆದು ಬಂದು ಕಾಯುತ್ತೇವೆ. ಟಂಟಂ ಸಿಕ್ಕರೂ ಸೀಟು ತುಂಬದೆ ಅದು ಕದಲುವುದಿಲ್ಲ. 'ಇನ್ನೊಂದ್ ಸೀಟ್ ಬರ್ಲಿ ಯಕ್ಕಾ, ಬಿಟ್ಟೇ ಬಿಡ್ತೀನಿ' ಎನ್ನುತ್ತಾರೆ ಡ್ರೈವರ್. ಆ ಒಂದು ಸೀಟು ಬಂದ ಮೇಲೆ ಮತ್ತೊಂದು. ಹಿಂದೆ ಕಾಲು ಇಳಿಬಿಟ್ಟು ಕೂತವರು, ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ಒರಗಿದವರು, ಮಡಿಲಲ್ಲಿ ಬುತ್ತಿ ಚೀಲ. ಎದುರಿನಿಂದ ಲೋಡ್ ಲಾರಿಗಳು ಬರುತ್ತಿರುತ್ತವೆ. ಡ್ರೈವರುಗಳನ್ನು ನಾನು ಬೈಯುವುದಿಲ್ಲ. ಅವರಿಗೂ ಡೀಸೆಲ್ ಖರ್ಚಿದೆ, ಗಾಡಿ ಸಾಲದ ಕಂತು ಇದೆ. ಎಷ್ಟೋ ಸಲ ಬಡಾವಣೆಯ ಮೂಲೆಯ ತನಕ ಬಂದು ಬಿಟ್ಟು ಹೋಗಿದ್ದಾರೆ. ಬಸ್ ಇಲ್ಲದ ಕಡೆ ಅವರೂ ಇಲ್ಲದಿದ್ದರೆ ನಮ್ಮ ಕೆಲಸವೇ ಉಳಿಯುತ್ತಿರಲಿಲ್ಲ. ಆದರೆ ಒಂಟಿ ಹೆಣ್ಣುಮಗಳು ರಾತ್ರಿ ಎಂಟೂವರೆಗೆ ಯಾರ ಟಂಟಂ ಹತ್ತಬೇಕು, ಯಾರದು ಬೇಡ ಅಂತ ಮುಖ ನೋಡಿ ತೀರ್ಮಾನ ಮಾಡುವ ಪರಿಸ್ಥಿತಿ ಇರಬಾರದು.

ರೊಕ್ಕದ ಮಾತನ್ನೂ ಹೇಳುತ್ತೇನೆ, ಯಾಕೆಂದರೆ ಅದೇ ನನ್ನ ಕೆಲಸ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. ನಮಗೆ ಅದು ನಿಜವಾಗಿಯೂ ದೊಡ್ಡ ಆಸರೆ. ಅದನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆದರೆ ಬಸ್ಸು ಬಂದರೆ ತಾನೇ ಶೂನ್ಯ ಟಿಕೆಟ್? ಸಂಜೆ ನಾವು ಟಂಟಂಗೆ ತಲೆಗೆ ಇಪ್ಪತ್ತು ರೂಪಾಯಿ ಕೊಡುತ್ತೇವೆ, ಚೆಕ್‌ಪೋಸ್ಟ್‌ನಲ್ಲಿ ಇಳಿದು ಒಳಗೆ ಹೋಗಲು ಇನ್ನೊಂದು ಆಟೊಗೆ ಬೇರೆ ಕೊಡುತ್ತೇವೆ. ಹೊತ್ತು ಮೀರಿ ಒಬ್ಬರೇ ಉಳಿದರೆ ಪೂರಾ ಆಟೊ ಬಾಡಿಗೆ. ದಿನಗೂಲಿಯವಳಿಗೆ ಅದು ಆ ದಿನದ ಕೂಲಿಯ ದೊಡ್ಡ ಪಾಲು. ಸರ್ಕಾರ ಕೊಟ್ಟ ಉಚಿತ ಪ್ರಯಾಣ, ಅದು ಹೆಚ್ಚು ಬೇಕಾದ ಹೊತ್ತಿನಲ್ಲಿ ನಮ್ಮ ಕೈಗೆ ಸಿಗುತ್ತಿಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಪ್ರತಿ ತಿಂಗಳು ಸಂಬಳದ ಪಟ್ಟಿ ಮಾಡುವಾಗ ಇಎಸ್‌ಐ ಲೆಕ್ಕ ಹಿಡಿಯುವವಳು ನಾನೇ. 21,000 ರೂಪಾಯಿ ತನಕ ಸಂಬಳ ಇರುವವರಿಗೆ ಕೆಲಸಗಾರರಿಂದ 0.75 ಪರ್ಸೆಂಟ್, ಮಾಲೀಕರಿಂದ 3.25 ಪರ್ಸೆಂಟ್. ಹೀಗೆ ನಮ್ಮ ಜನ ರೊಕ್ಕ ಕಟ್ಟುತ್ತಾರೆ, ಚಿಕಿತ್ಸೆ ಪಡೆಯುವುದು ಅವರ ಹಕ್ಕು. ಆಸ್ಪತ್ರೆ ಇರುವುದು ಸೇಡಂ ರಸ್ತೆಯಲ್ಲಿ, ರಿಂಗ್ ರೋಡ್ ಹಿಡಿದರೆ ದೂರವೇನಲ್ಲ. ಆದರೂ ಜ್ವರ ಬಂದ ಮಗುವನ್ನು ಎತ್ತಿಕೊಂಡು ಎರಡು ಬಸ್ ಬದಲಾಯಿಸುವ ಬದಲು ಎಷ್ಟೋ ತಾಯಂದಿರು ಓಣಿಯಲ್ಲೇ ರೊಕ್ಕ ಕೊಟ್ಟು ಸೂಜಿ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಆಳಂದ ಕಡೆಯ ಹಳ್ಳಿಗಳಿಂದ ಬರುವ ರೋಗಿಗಳಿಗೂ ಇದೇ ಪಾಡು. ಚೆಕ್‌ಪೋಸ್ಟ್‌ನಲ್ಲಿ ಇಳಿದು ಒಂದೇ ಬಸ್ಸಿನಲ್ಲಿ ಸೇಡಂ ರಸ್ತೆ ಸೇರುವಂತಾದರೆ ಅವರು ಊರೊಳಗೆ ಬರುವ ಅಗತ್ಯವೇ ಇಲ್ಲ. ವಿಶ್ವವಿದ್ಯಾಲಯಕ್ಕೆ ಹೋಗುವ ಹುಡುಗ ಹುಡುಗಿಯರೂ ಅದೇ ಬಸ್ ಹತ್ತುತ್ತಾರೆ. ಹಾಗಾಗಿ ಖಾಲಿ ಓಡುತ್ತದೆ ಎಂಬ ಹೆದರಿಕೆ ಬೇಡ.

ಬೇಸಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಇಲ್ಲಿಯವರಿಗೆಲ್ಲ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಜಿಲ್ಲೆಗಳ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಅಂಜಿ ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಾವು ಅದೇ ಬಿಸಿಲಲ್ಲಿ, ಒಂದು ತಗಡಿನ ನೆರಳೂ ಇಲ್ಲದ ಸ್ಟಾಪಿನಲ್ಲಿ ನಿಲ್ಲುತ್ತೇವೆ. ಮಳೆಗಾಲದ ಕಥೆ ಬೇರೆ. ನಮ್ಮದು ಎರೆ ಮಣ್ಣು. ಎರಡು ಮಳೆ ಬಿದ್ದರೆ ಬಡಾವಣೆಯ ಒಳಗೆ ಆಟೊದವರೂ ಬರುವುದಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಬಸ್ಸು ಒಳಗಿನ ತನಕ ಬರಲಿ ಎಂದು ಅದಕ್ಕೇ ನಾನು ಕೇಳುತ್ತಿಲ್ಲ. ಮುಖ್ಯ ರಸ್ತೆಗೆ ಬಂದರೆ ಸಾಕು.

ಸಾರಿಗೆ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಆಳಂದ ಚೆಕ್‌ಪೋಸ್ಟ್‌ನಿಂದ ರಿಂಗ್ ರೋಡ್ ಹಿಡಿದು, ಹುಮನಾಬಾದ್ ರಿಂಗ್ ರೋಡ್ ಮೂಲಕ ಸೇಡಂ ರಸ್ತೆಯ ತನಕ ಸಿಟಿ ಬಸ್ ಓಡಿಸಿ. ಸೂಪರ್ ಮಾರ್ಕೆಟ್‌ಗೆ ಹೋಗುವ ಗೊಡವೆ ಬೇಡ. ಇಡೀ ದಿನ ಬೇಕಂತಲೂ ಇಲ್ಲ. ಮುಂಜಾನೆ ಏಳರಿಂದ ಹತ್ತು, ಸಂಜೆ ಐದರಿಂದ ಒಂಬತ್ತು, ಆ ಹೊತ್ತಿಗೆ ತಪ್ಪದೆ ಬರಲಿ. ಕೊನೆಯ ಬಸ್ ಒಂಬತ್ತಕ್ಕೆ ಇದೆ ಎಂಬುದು ಖಾತ್ರಿಯಾದರೆ ಅರ್ಧ ಚಿಂತೆ ಅಲ್ಲಿಗೇ ಹೋಗುತ್ತದೆ. ಹೊಸ ಬಸ್ ಬರುವ ತನಕ ಕಾಯಬೇಕಿಲ್ಲ. ಜಾತ್ರೆ, ಹುಣ್ಣಿಮೆಗೆ ಜನ ಎಲ್ಲಿ ಹೆಚ್ಚೋ ಅಲ್ಲಿಗೆ ಬಸ್ ಹೊಂದಿಸುವುದು ನಿಮಗೆ ಗೊತ್ತಿರುವ ಕೆಲಸವೇ. ಈ ಸಲದ ತೊಗರಿ ಸುಗ್ಗಿಯ ಎರಡು ತಿಂಗಳು ಎರಡೇ ಬಸ್ ಹಾಕಿ ನೋಡಿ. ಕಂಡಕ್ಟರ್ ಮಷಿನ್‌ನಲ್ಲಿ ಶೂನ್ಯ ಟಿಕೆಟ್ ಸಮೇತ ಪ್ರತಿಯೊಂದು ಟಿಕೆಟ್ಟೂ ದಾಖಲಾಗುತ್ತದೆ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಅದನ್ನು ನೋಡಿಯೇ ಮುಂದಿನದು ತೀರ್ಮಾನಿಸಿ.

ಮಿಲ್ ಮಾಲೀಕರಿಗೂ ಒಂದು ಮಾತು. ನಿಮ್ಮ ಪಾಳಿ ಬಿಡುವ ಸಮಯವನ್ನು ಬರೆದು ಸಾರಿಗೆಯವರಿಗೆ ಕೊಡಿ. ನಮ್ಮ ಮಿಲ್ಲಿನದು ನಾನು ಬರೆದು ಇಟ್ಟಿದ್ದೇನೆ, ಸಹಿ ಮಾಡಿಸಿಕೊಂಡು ಡಿಪೊಗೆ ಕೊಡುತ್ತೇನೆ.

ಇಂತಿ,
ದಾಲ್ ಮಿಲ್ ಉದ್ಯೋಗಿ,
ಆಳಂದ ರಸ್ತೆ, ಕಲಬುರಗಿ